ದಾರ ಕಾಣಲಿಲ್ಲ ಎಂದ ಮಾತ್ರಕ್ಕೆ ಕಾಪರ್‌ಟಿ ಬಿದ್ದುಹೋಗಿದೆ ಎನ್ನಬೇಡಿ

"ಬಿದ್ದುಹೋಗಿರಬೇಕು ಬಿಡಮ್ಮ, ಇನ್ನೊಂದು ಹಾಕೋಣ." ಕಾಪರ್‌ಟಿಯ (ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ಸಾಧನದ) ದಾರ ಕಾಣದೆ ಹೋದಾಗ ಓಪಿಡಿಯಲ್ಲಿ ಸಲೀಸಾಗಿ ಬಾಯಿಗೆ ಬರುವ ಮಾತು ಇದು. ಮೂತ್ರಕೋಶದಲ್ಲಿ ಕಲ್ಲು ಕಟ್ಟಿಕೊಂಡ ಟಿ, ಕರುಳಿನ ಗೋಡೆ ಕೊರೆದ ಟಿ, ಒಂದೇ ಹೊಟ್ಟೆಯಲ್ಲಿ ಎರಡು ಟಿ: ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುವ ಇಂಥ ವರದಿಗಳನ್ನು ಓದುತ್ತ ಹೋದರೆ ಹಿಂದಿನ ಕಥೆ ಮತ್ತೆ ಮತ್ತೆ ಒಂದೇ. ದಾರ ಕಾಣಲಿಲ್ಲ, ಬಿದ್ದಿದೆ ಎಂದುಕೊಂಡರು. ಬಿದ್ದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಇದನ್ನು ಓದಿ ಯಾರೂ ಹೆದರಿ ವಂಕಿ (ಕಾಪರ್‌ಟಿಯಂಥ ಸಾಧನ) ತೆಗೆಸಿಕೊಳ್ಳಲು ಓಡಬೇಕಿಲ್ಲ. ನೂರು ಹೆಂಗಸರು ಕಾಪರ್‌ಟಿ ಹಾಕಿಸಿಕೊಂಡರೆ ಮೊದಲ ವರ್ಷದಲ್ಲಿ ಬಸಿರಾಗುವವರು ಒಬ್ಬರಿಗಿಂತ ಕಡಿಮೆ. ಗರ್ಭಕೋಶಕ್ಕೆ ತೂತು ಬೀಳುವುದು ಸಾವಿರಕ್ಕೆ ಒಂದರ ಆಸುಪಾಸು. ಆದರೆ ನಮ್ಮ ದೇಶದಲ್ಲಿ ವರ್ಷವರ್ಷವೂ ಲಕ್ಷಗಟ್ಟಲೆ ವಂಕಿ ಹಾಕುತ್ತಾರೆ. ಸಾವಿರಕ್ಕೊಂದು ಎಂದರೂ ಅಷ್ಟು ಹೆಂಗಸರು ಎಲ್ಲೋ ಇದ್ದಾರೆ ಎಂದೇ ಅರ್ಥ. ಅವರನ್ನು ಬೇಗ ಗುರುತಿಸುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವುದು ಎರಡು ಬಗೆ: 10 ವರ್ಷದ ಕಾಪರ್‌ಟಿ 380ಎ ಮತ್ತು 5 ವರ್ಷದ 375. ಖಾಸಗಿಯಲ್ಲಿ ಇವುಗಳ ಜೊತೆಗೆ 52 ಮಿ.ಗ್ರಾಂ. ಲಿವೊನಾರ್ಜೆಸ್ಟ್ರೆಲ್ ತುಂಬಿದ ಹಾರ್ಮೋನ್ ವಂಕಿಯೂ ಸಿಗುತ್ತದೆ. 380ಎಯನ್ನು ಅಂಗೈಯಲ್ಲಿಟ್ಟು ನೋಡಿ. ಉದ್ದ 36 ಮಿ.ಮೀ., ತೋಳಿನಿಂದ ತೋಳಿಗೆ 32 ಮಿ.ಮೀ. ಕಾಂಡಕ್ಕೆ ತಾಮ್ರದ ತಂತಿ ಸುತ್ತಿದೆ, ಎರಡು ತೋಳಿಗೂ ಒಂದೊಂದು ತಾಮ್ರದ ಪಟ್ಟಿ ಏರಿಸಿದೆ. ತಾಮ್ರದ ಮೈ ಒಟ್ಟು 380 ಚದರ ಮಿ.ಮೀ., ಹೆಸರಿನಲ್ಲಿರುವ ಅಂಕಿ ಅದೇ. ಪ್ಲಾಸ್ಟಿಕ್‌ಗೆ ಬೇರಿಯಂ ಸಲ್ಫೇಟ್ ಬೆರೆಸಿರುತ್ತಾರೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲಿ ಎಂದು. ಕಾಂಡದ ಬುಡ ಚೂಪಾಗಿದ್ದರೆ ಗರ್ಭಕಂಠವನ್ನು ಕೊರೆದೀತೆಂದು ಅಲ್ಲಿ 3 ಮಿ.ಮೀ.ನ ಗುಂಡು ಇಟ್ಟಿದ್ದಾರೆ. ಆ ಗುಂಡಿನಿಂದ ಎರಡು ಬಿಳಿ ದಾರ ಇಳಿಯುತ್ತವೆ.

ದಾರ ಒಂಟಿ ಎಳೆಯದ್ದಾಗಿರುವುದಕ್ಕೂ ಕಾರಣವಿದೆ. 1971ರಿಂದ 1974ರವರೆಗೆ ಅಮೆರಿಕದಲ್ಲಿ ಮಾರಾಟವಾದ ಡಾಲ್ಕನ್ ಶೀಲ್ಡ್ ಎಂಬ ವಂಕಿಯ ದಾರದಲ್ಲಿ ನೂರಾರು ಸಣ್ಣ ಎಳೆಗಳನ್ನು ಸೇರಿಸಿ ಮೇಲೊಂದು ಹೊದಿಕೆ ಹಾಕಿದ್ದರು. ದೀಪದ ಬತ್ತಿ ಎಣ್ಣೆ ಹೀರಿದಂತೆ ಅದು ಯೋನಿಯ ಬ್ಯಾಕ್ಟೀರಿಯಾಗಳನ್ನು ಗರ್ಭಕೋಶಕ್ಕೆ ಏರಿಸಿತು. ವಂಕಿ ಇದ್ದೂ ಬಸಿರಾದವರಲ್ಲಿ ನಂಜಿನ ಗರ್ಭಪಾತಗಳಾದವು, ಸಾವುಗಳೂ ಆದವು. ವಂಕಿ ಎಂದರೆ ಸೋಂಕು ಎಂಬ ಭಯ ಇವತ್ತಿಗೂ ಉಳಿದಿರುವುದರಲ್ಲಿ ಆ ಒಂದು ದಾರದ ಪಾಲು ದೊಡ್ಡದು.

ಈಗ ತೂತಿನ ವಿಷಯ. ಟಿ ತಾನಾಗಿ ನಡೆದುಕೊಂಡು ಹೊಟ್ಟೆಗೆ ಹೋಯಿತು ಎಂದು ಹೇಳುವುದುಂಟು. ಹೆಚ್ಚಿನ ಸಂದರ್ಭಗಳಲ್ಲಿ ಅದು ಶುರುವಾಗುವುದು ಹಾಕಿದ ದಿನವೇ. ಒಂದೋ ಸೌಂಡ್ (ಗರ್ಭಕೋಶದ ಆಳ ಅಳೆಯುವ ಸಲಾಕೆ) ಅಥವಾ ಟಿಯನ್ನು ಒಳಗೆ ಸೇರಿಸುವ ನಳಿಕೆ ಗೋಡೆ ದಾಟಿರುತ್ತದೆ, ಇಲ್ಲವೇ ಟಿಯ ತುದಿ ಮಾಂಸದೊಳಗೆ ಅರ್ಧ ಹೊಕ್ಕಿರುತ್ತದೆ. ಉಳಿದರ್ಧವನ್ನು ಗರ್ಭಕೋಶದ ಹಿಂಡಿಕೆ ತಿಂಗಳುಗಟ್ಟಲೆ ನಿಧಾನವಾಗಿ ತಳ್ಳುತ್ತದೆ. ಹಾಕುವಾಗ ವಿಪರೀತ ನೋವಾಗಲೇಬೇಕೆಂದಿಲ್ಲ. "ಆವತ್ತು ಏನೂ ಆಗಿರಲಿಲ್ಲ" ಎಂಬ ಮಾತು ತೂತಾಗಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ.

ತೂತು ಬೀಳುವ ಜಾಗ ಗರ್ಭಕೋಶದ ಬಾಗುವಿಕೆಯನ್ನು ಅವಲಂಬಿಸಿರುತ್ತದೆ. ಗರ್ಭಕೋಶ ಹಿಂದಕ್ಕೆ ವಾಲಿರುವುದನ್ನು ಗಮನಿಸದೆ ಎಂದಿನಂತೆ ಮುಂದಕ್ಕೆ ತಿರುಗಿಸಿ ಸೌಂಡ್ ಹಾಕಿದರೆ ಅದು ಮುಂಗೋಡೆ ಸೀಳಿ ಮೂತ್ರಕೋಶದ ಕಡೆ ಹೊರಡುತ್ತದೆ. ಮುಂದಕ್ಕೆ ತೀರಾ ಬಾಗಿದ್ದರಲ್ಲಿ ನೆಟ್ಟಗೆ ತಳ್ಳಿದರೆ ಹಿಂಗೋಡೆ, ಅದರಾಚೆ ಕರುಳು. ಹೀಗಾಗಿ ಸ್ಪೆಕ್ಯುಲಮ್‌ಗೂ (ಯೋನಿ ಅಗಲಿಸಿ ನೋಡುವ ಉಪಕರಣ) ಮುಂಚೆ ಎರಡು ಕೈಯ ಪರೀಕ್ಷೆ ಮಾಡಿ ಗಾತ್ರ, ದಿಕ್ಕು ತಿಳಿದುಕೊಳ್ಳಬೇಕು. ಕ್ಯಾಂಪಿನಲ್ಲಿ ಸಾಲು ಉದ್ದವಿದ್ದಾಗ ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಆಮೇಲೆ ಗರ್ಭಕಂಠವನ್ನು ವಲ್ಸೆಲಮ್‌ನಲ್ಲಿ (ಒಂದು ಬಗೆಯ ಇಕ್ಕಳ) ಹಿಡಿದು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರೆ ಬಾಗು ನೇರವಾಗುತ್ತದೆ. ಸೌಂಡ್ 6 ಸೆಂ.ಮೀ. ಕೂಡ ಹೋಗದಿದ್ದರೆ ಹಾಕಬಾರದು. 10 ಸೆಂ.ಮೀ. ದಾಟಿ ಸರಾಗವಾಗಿ ಹೋಗುತ್ತಿದ್ದರೆ ಕೈ ನಿಲ್ಲಿಸಬೇಕು: ಬಸಿರೋ, ಗಡ್ಡೆಯೋ, ಆಗಲೇ ತೂತೋ?

ಅಳತೆ ಸಿಕ್ಕ ಮೇಲೆ ನಳಿಕೆಯ ಮೇಲಿನ ನೀಲಿ ಗುರುತನ್ನು ಅಷ್ಟಕ್ಕೇ ಸರಿಸಿ, ಟಿಯ ತೋಳುಗಳನ್ನು ಮಡಚಿ ನಳಿಕೆಗೆ ಸೇರಿಸಬೇಕು. 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಮಡಚಿಟ್ಟರೆ ಪ್ಲಾಸ್ಟಿಕ್ ಹಾಗೇ ಕೂತುಬಿಡುತ್ತದೆ, ಒಳಗೆ ಹೋದ ಮೇಲೆ ತೋಳು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಕಲಿಯುವವರು ಹೆಚ್ಚು ತಪ್ಪುವುದು ಮುಂದಿನ ಹಂತದಲ್ಲಿ. ಒಳಗಿನ ಬಿಳಿ ಕಡ್ಡಿಯನ್ನು ಪಿಚಕಾರಿ ಒತ್ತಿದ ಹಾಗೆ ಒತ್ತುತ್ತಾರೆ. ಕಡ್ಡಿ ಅಲುಗಬಾರದು, ನಳಿಕೆಯನ್ನು ಹಿಂದಕ್ಕೆ ಎಳೆಯಬೇಕು. ಆಗ ಟಿ ಇದ್ದಲ್ಲೇ ಇದ್ದು ತೋಳು ಬಿಚ್ಚಿಕೊಳ್ಳುತ್ತದೆ. ಕಡ್ಡಿ ಒತ್ತಿದರೆ ಫಂಡಸ್‌ನ (ಗರ್ಭಕೋಶದ ಮೇಲ್ತುದಿಯ) ಗೋಡೆಗೆ ಟಿಯನ್ನು ನೀವೇ ಚುಚ್ಚಿದಂತೆ. ಆಮೇಲೆ ನಳಿಕೆಯನ್ನು ಮೆಲ್ಲಗೆ ಮೇಲಕ್ಕೆ ತಾಗಿಸಿ, ಮೊದಲು ಕಡ್ಡಿ ತೆಗೆದು, ನಂತರ ನಳಿಕೆ ತೆಗೆಯಬೇಕು. ಗರ್ಭಕಂಠದಿಂದ 3–4 ಸೆಂ.ಮೀ. ಬಿಟ್ಟು ದಾರ ಕತ್ತರಿಸಬೇಕು. ಇಷ್ಟು ಉದ್ದ ಬಿಟ್ಟಿದ್ದೇವೆ ಎಂದು ಬರೆದಿಟ್ಟರೆ ಮುಂದೆ ದಾರ ಗಿಡ್ಡವಾಯಿತೋ ಉದ್ದವಾಯಿತೋ ಹೇಳಲು ಬರುತ್ತದೆ.

ಕೈಚಳಕವನ್ನು ಬಿಟ್ಟರೆ ತೂತಿಗೆ ದೊಡ್ಡ ಕಾರಣ ಎದೆಹಾಲೂಡಿಸುವುದು. ಯುರೋಪಿನ 6 ದೇಶಗಳ 61 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ತೂತು ಬಿದ್ದದ್ದು ಸಾವಿರಕ್ಕೆ ಹಾರ್ಮೋನ್ ವಂಕಿಯಲ್ಲಿ 1.4, ತಾಮ್ರದ್ದರಲ್ಲಿ 1.1. ಹಾಕಿಸಿಕೊಳ್ಳುವಾಗ ಹಾಲೂಡಿಸುತ್ತಿದ್ದವರಲ್ಲಿ ಅಪಾಯ ಸುಮಾರು 6 ಪಟ್ಟು. ಹೆರಿಗೆಯಾಗಿ 36 ವಾರ ಕಳೆಯದವರಲ್ಲಿಯೂ ಹೆಚ್ಚು. ಹಾಲೂಡಿಸುವಾಗ ಈಸ್ಟ್ರೋಜನ್ ಕಡಿಮೆ ಇರುತ್ತದೆ, ಗೋಡೆ ಮೆತ್ತಗೆ, ತೆಳ್ಳಗೆ ಇರುತ್ತದೆ. ಹಾಗೆಂದು ಬಾಣಂತಿಗೆ ವಂಕಿ ಬೇಡ ಎನ್ನುವುದು ಮೂರ್ಖತನ. 6 ಪಟ್ಟು ಎಂದರೂ ಅದು ಸಾವಿರಕ್ಕೆ ಐದಾರು. ಹಾಲು ನಿಲ್ಲಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಮತ್ತೆ ಬಸಿರು ನಿಲ್ಲುವ ಸಂಭವ ಅದಕ್ಕಿಂತ ಎಷ್ಟೋ ಹೆಚ್ಚು. ಮಾಡಬೇಕಾದ್ದು ಇಷ್ಟೇ: ಎರಡರಿಂದ ಎಂಟು ತಿಂಗಳ ಬಾಣಂತಿಗೆ ಹಾಕುವಾಗ ಅನುಭವಿಗಳ ಕೈ ಇರಲಿ, ಮುಂದಿನ ಮುಟ್ಟಿನ ನಂತರ ತಪಾಸಣೆ ತಪ್ಪದಿರಲಿ. ಹೆರಿಗೆಯಾದ 48 ಗಂಟೆಯೊಳಗೆ ಹಾಕುವ ಪದ್ಧತಿಯಲ್ಲಿ ಗೋಡೆ ಇನ್ನೂ ದಪ್ಪಗಿರುವುದರಿಂದ ತೂತು ತೀರಾ ಅಪರೂಪ. ಅಲ್ಲಿಯ ತಲೆನೋವು ವಂಕಿ ಜಾರಿ ಹೊರಬರುವುದು.

ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ. ತೂತು ಬಿದ್ದವರಲ್ಲಿ ಯಾರಿಗೂ ಹೊಟ್ಟೆಯ ಬೇರೆ ಅಂಗಕ್ಕೆ ಪೆಟ್ಟಾಗಿರಲಿಲ್ಲ. ಅವರನ್ನು ಹಿಂಬಾಲಿಸಿ ಕೇಳುವವರು ಇದ್ದರು, ವರ್ಷದೊಳಗೆ ಪತ್ತೆಯಾಯಿತು. ಪತ್ರಿಕೆಗಳಲ್ಲಿ ಬರುವ ಭೀಕರ ಪ್ರಕರಣಗಳಲ್ಲಿ ಹಾಕಿದ್ದಕ್ಕೂ ಪತ್ತೆಯಾದದ್ದಕ್ಕೂ ನಡುವೆ ಹಲವು ವರ್ಷಗಳ ಅಂತರವಿರುತ್ತದೆ.

ಹಾಕುತ್ತಿರುವಾಗಲೇ ತೂತಾಯಿತು ಎಂಬ ಅನುಮಾನ ಬಂದರೆ, ಅಂದರೆ ಸೌಂಡ್ ತಡೆಯಿಲ್ಲದೆ ಒಳಗೆ ಜಾರಿತು ಅಥವಾ ತಟ್ಟನೆ ತೀವ್ರ ನೋವು ಬಂತು ಎಂದರೆ, ಅಲ್ಲಿಗೇ ನಿಲ್ಲಿಸಿ. ಟಿ ಒಳಗೆ ಹೋಗಿದ್ದು ದಾರ ಕಾಣುತ್ತಿದ್ದರೆ ಮೆಲ್ಲಗೆ ಎಳೆದು ತೆಗೆಯಿರಿ, ತಡೆ ಸಿಕ್ಕರೆ ಬಿಡಿ. ಮಲಗಿಸಿ ಮೊದಲ ಒಂದು ಗಂಟೆ 5–10 ನಿಮಿಷಕ್ಕೊಮ್ಮೆ ನಾಡಿ, ಬಿಪಿ ನೋಡಿ. ಸರಿಯಿದ್ದರೂ ಇನ್ನೂ ಕೆಲವು ಗಂಟೆ ಮನೆಗೆ ಬಿಡಬೇಡಿ. ನಾಡಿ ಏರುತ್ತ ಬಿಪಿ ಇಳಿಯುತ್ತಿದ್ದರೆ ಒಳಗೆ ರಕ್ತ ಹೋಗುತ್ತಿದೆ, ಆಪರೇಷನ್ ಸೌಲಭ್ಯ ಇರುವಲ್ಲಿಗೆ ಆಂಬುಲೆನ್ಸ್. ನಾಡಿಯೂ ಬಿಪಿಯೂ ಎರಡೂ ಇಳಿದು ಆಕೆ ಬೆವತು ಬಿಳಿಚಿಕೊಂಡರೆ ಅದು ಬೇರೆ: ಗರ್ಭಕಂಠವನ್ನು ಕೆಣಕಿದ್ದಕ್ಕೆ ಬಂದ ವೇಗಲ್ (ವೇಗಸ್ ನರದ) ಪ್ರತಿಕ್ರಿಯೆ. ಕಾಲು ಎತ್ತರಿಸಿ ಮಲಗಿಸಿದರೆ ಹೆಚ್ಚಿನವರು ಕೆಲವೇ ನಿಮಿಷದಲ್ಲಿ ಸುಧಾರಿಸಿಕೊಳ್ಳುತ್ತಾರೆ. ನಾಡಿ ಏಳದಿದ್ದರೆ ಅಟ್ರೋಪಿನ್ 0.6 ಮಿ.ಗ್ರಾಂ. ರಕ್ತನಾಳಕ್ಕೆ. ಈ ಎರಡನ್ನು ಬೇರ್ಪಡಿಸಲು ನಾಡಿ ಎಣಿಸಿದರೆ ಸಾಕು.

ಇನ್ನು ದಾರ. ಕಾಣದಿರುವುದಕ್ಕೆ ಹೆಚ್ಚಿನ ಸಲ ಕಾರಣ ಸಾದಾ ಆಗಿರುತ್ತದೆ. ದಾರ ಸುರುಳಿ ಸುತ್ತಿಕೊಂಡು ಗರ್ಭಕಂಠದ ಕಾಲುವೆಗೆ ಸೇರಿಕೊಂಡಿರುತ್ತದೆ, ಅಥವಾ ಕತ್ತರಿಸುವಾಗಲೇ ಗಿಡ್ಡ ಮಾಡಿರುತ್ತಾರೆ. ಹೆರಿಗೆಯ ಬೆನ್ನಿಗೇ ಹಾಕಿದ್ದರೆ, ಅದರಲ್ಲೂ ಸಿಸೇರಿಯನ್‌ನಲ್ಲಿ ಹಾಕಿದ್ದರೆ, ದೊಡ್ಡ ಗರ್ಭಕೋಶದೊಳಗೇ ದಾರ ಇರುತ್ತದೆ. ಅದು ಕುಗ್ಗುತ್ತ ಬಂದಂತೆ ವಾರಗಳ ಮೇಲೆ ಕೆಳಗೆ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದೇ ಇಲ್ಲ. ತಾಯಿ ಕಾರ್ಡಿನಲ್ಲಿ ಯಾವಾಗ, ಹೇಗೆ ಹಾಕಿದ್ದು ಎಂದು ಬರೆದಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ಮೂತ್ರದ ಬಸಿರು ಪರೀಕ್ಷೆ. ಏನೇ ಮಾಡುವುದಿದ್ದರೂ ಅದರ ನಂತರ. ಗರ್ಭಕೋಶ ಬೆಳೆದು ದಾರವನ್ನು ಮೇಲಕ್ಕೆ ಎಳೆದುಕೊಂಡಿರಬಹುದು, ಗೊತ್ತಿಲ್ಲದೆ ಕೊಕ್ಕೆ ಹಾಕಿ ಕೆದಕುವುದು ಅಪಾಯ. ಬಸಿರಿಲ್ಲ ಎಂದಾದರೆ ಪ್ಯಾಪ್ ಪರೀಕ್ಷೆಗೆ (ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಪರೀಕ್ಷೆ) ಬಳಸುವ ಸೈಟೋಬ್ರಷ್ಷನ್ನು ಕಾಲುವೆಯಲ್ಲಿ ನಿಧಾನವಾಗಿ ತಿರುಗಿಸಿ ಈಚೆ ತನ್ನಿ, ಎಷ್ಟೋ ಸಲ ಅದರ ಜೊತೆಗೇ ದಾರ ಇಳಿಯುತ್ತದೆ. ಬರಲಿಲ್ಲವಾದರೆ ಸ್ಕ್ಯಾನಿಂಗ್. ಗರ್ಭಕೋಶದೊಳಗೆ ಫಂಡಸ್ ಹತ್ತಿರ ಟಿ ನೆಟ್ಟಗೆ ಕೂತಿದ್ದು ಆಕೆಗೆ ಅದು ಮುಂದುವರಿಯಬೇಕಿದ್ದರೆ ಹಾಗೇ ಬಿಡಬಹುದು. ದಾರ ಇಲ್ಲದಿದ್ದರೂ ಟಿಯ ಕೆಲಸ ನಡೆಯುತ್ತದೆ. ಹಾರ್ಮೋನ್ ವಂಕಿ ಸ್ಕ್ಯಾನಿಂಗಿನಲ್ಲಿ ತಾಮ್ರದಷ್ಟು ಹೊಳೆಯುವುದಿಲ್ಲ, ಅದರ ನೆರಳನ್ನು ಹುಡುಕಬೇಕು. ಹೀಗಾಗಿ ಏನು ಹಾಕಿದ್ದೆಂದು ಸ್ಕ್ಯಾನಿಂಗ್ ಚೀಟಿಯಲ್ಲಿ ಬರೆಯಿರಿ.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶ ಖಾಲಿ. "ಬಿದ್ದಿದೆ" ಎಂಬ ತೀರ್ಮಾನ ಜಾರಿಬರುವುದು ಇಲ್ಲೇ. ಹೊಟ್ಟೆಯೊಳಗೆ ಕರುಳುಗಳ ನಡುವೆ ಇರುವ ಟಿಯನ್ನು ಸ್ಕ್ಯಾನಿಂಗ್ ತೋರಿಸಲಾರದು, ಕರುಳಿನ ಗಾಳಿ ಅಡ್ಡ ಬರುತ್ತದೆ. ಆಕೆ ತನ್ನ ಕಣ್ಣಾರೆ ಹೊರಬಿದ್ದ ಟಿಯನ್ನು ನೋಡಿಲ್ಲವಾದರೆ ಎಕ್ಸ್‌ರೇ ಬೇಕೇಬೇಕು. ಅದೂ ಸೊಂಟದ ಭಾಗದ್ದಷ್ಟೇ ಅಲ್ಲ. ವಪೆಯಿಂದ ಹಿಡಿದು ಕೆಳಗೆ ಪ್ಯೂಬಿಕ್ ಮೂಳೆಯವರೆಗೆ ಇಡೀ ಹೊಟ್ಟೆ ಫಿಲ್ಮಿನಲ್ಲಿ ಬರಬೇಕು, ಯಾಕೆಂದರೆ ಒಮೆಂಟಮ್‌ಗೆ (ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪರದೆ) ಅಂಟಿಕೊಂಡ ಟಿ ಅದರೊಂದಿಗೆ ಮೇಲಿನ ಹೊಟ್ಟೆಗೂ ಹೋಗಿರಬಲ್ಲದು. ಎಕ್ಸ್‌ರೇಯಲ್ಲಿ ಟಿ ಎಲ್ಲೂ ಇಲ್ಲವಾದರೆ ಆಗ ಬಿದ್ದಿದೆ ಎನ್ನಿ. ಇನ್ನೊಂದು ಹಾಕಲು ಅಡ್ಡಿಯಿಲ್ಲ.

ಫಿಲ್ಮ್ ನೋಡುವಾಗ ಒಂದು ಎಚ್ಚರ. ಟಿ ಸೊಂಟದ ನಡುಮಧ್ಯೆ ಕಂಡಿತು ಎಂದ ಕೂಡಲೇ ಅದು ಗರ್ಭಕೋಶದೊಳಗಿದೆ ಎನ್ನಲಾಗದು, ಗರ್ಭಕೋಶದ ಹಿಂದಿನ ಚೀಲದಲ್ಲಿದ್ದರೂ ಅಲ್ಲೇ ಕಾಣುತ್ತದೆ. ತೋಳುಗಳು ಕೆಳಮುಖವಾಗಿವೆ, ಟಿ ಅಡ್ಡ ಮಲಗಿದೆ, ಪಕ್ಕಕ್ಕೆ ಸರಿದಿದೆ ಎಂದರೆ ಅನುಮಾನ ಗಟ್ಟಿ. ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಎರಡನ್ನೂ ಒಟ್ಟಿಗಿಟ್ಟು ಓದಬೇಕು. ಹೊರಗಿದೆ ಎಂದು ಖಾತ್ರಿಯಾದ ಮೇಲೆ, ಕರುಳು ಅಥವಾ ಮೂತ್ರಕೋಶಕ್ಕೆ ತಾಗಿದೆಯೇ ತಿಳಿಯಲು ಸಿಟಿ ಸ್ಕ್ಯಾನ್.

ಹೊಟ್ಟೆ ಸೇರಿದ ತಾಮ್ರ ಸುಮ್ಮನಿರುವುದಿಲ್ಲ. ಗರ್ಭಕೋಶದಲ್ಲಿ ಯಾವ ಉರಿಯೂತ ವೀರ್ಯಾಣುವನ್ನು ಕೊಲ್ಲುತ್ತದೋ ಅದೇ ಉರಿಯೂತ ಹೊಟ್ಟೆಯಲ್ಲಿ ಅಂಟುಗಳನ್ನು ಕಟ್ಟುತ್ತದೆ. ಒಮೆಂಟಮ್ ಬಂದು ಸುತ್ತಿಕೊಳ್ಳುತ್ತದೆ, ಹೆಚ್ಚು ಸಲ ಟಿ ಸಿಗುವುದೂ ಅಲ್ಲೇ. ಆಗ ಲ್ಯಾಪರೋಸ್ಕೋಪಿಯಲ್ಲಿ ಸಲೀಸಾಗಿ ತೆಗೆಯಬಹುದು. ತೊಂದರೆ ಏನೂ ಇಲ್ಲದಿದ್ದರೂ ತೆಗೆಯುವುದೇ ಒಳ್ಳೆಯದು, ಬೇಗ ತೆಗೆದಷ್ಟೂ ಅಂಟು ಕಡಿಮೆ. ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ ಎಕ್ಸ್‌ರೇ ಸಿದ್ಧವಿದ್ದರೆ ವಾಸಿ. ಹಳೆಯ ಫಿಲ್ಮಿನಲ್ಲಿ ಕಂಡ ಜಾಗದಲ್ಲಿ ಟಿ ಇಲ್ಲದೆ ಹುಡುಕಾಟ ಬೀಳುವುದುಂಟು.

ಮೂತ್ರಕೋಶ ಹೊಕ್ಕರೆ ಕಥೆ ಬೇರೆ ಥರ ಶುರುವಾಗುತ್ತದೆ. ಉರಿಮೂತ್ರ, ಮತ್ತೆ ಮತ್ತೆ ಸೋಂಕು, ಕೆಲವೊಮ್ಮೆ ಮೂತ್ರದಲ್ಲಿ ರಕ್ತ. ಆಂಟಿಬಯಾಟಿಕ್ ಕೊಟ್ಟಾಗ ಕಡಿಮೆಯಾಗಿ ಬಿಟ್ಟಾಗ ಮರಳುತ್ತದೆ. ಮೂತ್ರದ ಲವಣಗಳು ಟಿಯ ಮೇಲೆ ಪದರ ಪದರವಾಗಿ ಕೂತು ಕಲ್ಲಾಗುತ್ತವೆ. ಹೆಂಗಸರಲ್ಲಿ ಮೂತ್ರಕೋಶದ ಕಲ್ಲು ವಿರಳ. ಹಿಂದೆಂದೋ ವಂಕಿ ಹಾಕಿಸಿಕೊಂಡವರಲ್ಲಿ ಅಂಥ ಕಲ್ಲು ಕಂಡರೆ "ಅದನ್ನು ತೆಗೆಸಿದಿರಾ, ಯಾರು ತೆಗೆದರು?" ಎಂದು ಕೇಳಲೇಬೇಕು. ಮೂತ್ರದ್ವಾರದಿಂದ ಸಿಸ್ಟೋಸ್ಕೋಪ್ ಎಂಬ ದರ್ಶಕ ಹಾಕಿ ಮೊದಲು ಕಲ್ಲು ಪುಡಿ ಮಾಡಿ ಆಮೇಲೆ ಟಿಯನ್ನು ಹಿಡಿದು ತೆಗೆಯುತ್ತಾರೆ. ಅರ್ಧ ಮೂತ್ರಕೋಶದಲ್ಲಿ, ಅರ್ಧ ಗರ್ಭಕೋಶದ ಗೋಡೆಯಲ್ಲಿ ಸಿಕ್ಕಿಕೊಂಡಿದ್ದರೆ ಹೊಟ್ಟೆಯ ಕಡೆಯಿಂದಲೂ ಹೋಗಬೇಕಾಗುತ್ತದೆ.

ಕರುಳಿನಲ್ಲಿ ಹೆಚ್ಚಾಗಿ ತಗಲಿಕೊಳ್ಳುವುದು ದೊಡ್ಡ ಕರುಳಿನ ಕೊನೆಯ ತಿರುವಾದ ಸಿಗ್ಮಾಯ್ಡ್ ಭಾಗ, ಗರ್ಭಕೋಶದ ನೆರೆಮನೆಯವನೇ ಅವನು. ಹೊಟ್ಟೆನೋವು, ಭೇದಿ, ಮಲದಲ್ಲಿ ರಕ್ತ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಕೊಲೊನೋಸ್ಕೋಪಿಯಲ್ಲಿ ಟಿಯ ತೋಳು ಕಂಡಿತೆಂದು ಅಲ್ಲೇ ಜಗ್ಗಿ ತೆಗೆಯುವ ಆಸೆ ಬರುತ್ತದೆ. ಉಳಿದರ್ಧ ಕರುಳಿನ ಹೊರಗೆ ಎಲ್ಲಿ ನೆಟ್ಟಿದೆ ಎಂದು ಸಿಟಿಯಲ್ಲಿ ನೋಡಿಕೊಳ್ಳದೆ, ಶಸ್ತ್ರಚಿಕಿತ್ಸಕರು ಜೊತೆಗಿಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು. ಎಳೆದ ಜಾಗದಲ್ಲಿ ಉಳಿಯುವುದು ತೂತು.

ವಂಕಿ ಇದ್ದೂ ಬಸಿರಾದರೆ ಎಲ್ಲಿ ನಿಂತಿದೆ ಎಂಬುದು ಮೊದಲ ಪ್ರಶ್ನೆ. ವಂಕಿ ಹಾಕಿಸಿಕೊಂಡವರಲ್ಲಿ ಗರ್ಭಕೋಶದ ಹೊರಗೆ ಬಸಿರು ನಿಲ್ಲುವುದು ಏನೂ ಬಳಸದವರಿಗಿಂತ ಕಡಿಮೆಯೇ, ಯಾಕೆಂದರೆ ಬಸಿರೇ ಅಪರೂಪ. ಆದರೆ ನಿಂತ 100 ಬಸಿರಿನಲ್ಲಿ 6ರಿಂದ 8 ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ ಇರುತ್ತವೆ. ಮುಟ್ಟು ತಪ್ಪಿ ಕೆಳಹೊಟ್ಟೆಯ ಒಂದು ಬದಿ ನೋವು, ತಲೆಸುತ್ತು ಎಂದರೆ ಅವತ್ತೇ ಸ್ಕ್ಯಾನಿಂಗ್. ಬಸಿರು ಗರ್ಭಕೋಶದೊಳಗಿದ್ದು, ಮೊದಲ ಮೂರು ತಿಂಗಳಲ್ಲಿ ದಾರ ಕಾಣುತ್ತಿದ್ದರೆ, ಮಗು ಬೇಕೆಂದರೂ ಬೇಡವೆಂದರೂ ವಂಕಿ ತೆಗೆದುಬಿಡಬೇಕು. ತೆಗೆಯುವಾಗ ಗರ್ಭಪಾತದ ಸಣ್ಣ ಅಪಾಯವಿದೆ, ಬಿಟ್ಟರೆ ಗರ್ಭಪಾತ, ನಂಜು, ಅವಧಿಗೆ ಮುನ್ನ ಹೆರಿಗೆ ಇವೆಲ್ಲದರ ಅಪಾಯ ಹೆಚ್ಚು. ದಾರ ಸಿಗದಿದ್ದರೆ ಕೆದಕದೆ, ಜ್ವರ ಬಂದರೆ ತಡಮಾಡದೆ ಬರಲು ಹೇಳಿ ನಿಗಾ ಇಡಬೇಕು. ಹೆರಿಗೆಯಲ್ಲಿ ಮಾಸಿನ ಜೊತೆ ವಂಕಿ ಬಂತೇ ನೋಡಿ, ಬರದಿದ್ದರೆ ಮತ್ತೆ ಎಕ್ಸ್‌ರೇ.

ಸೋಂಕಿನ ಬಗ್ಗೆ ಹೇಳುವುದು ಕಡಿಮೆ. ಹಾಕಿದ ಮೊದಲ ಮೂರು ವಾರ ಅಪಾಯ ಹೆಚ್ಚು, ಆಮೇಲೆ ಬಹಳ ಇಳಿಯುತ್ತದೆ. ವಿಚಿತ್ರವಾದದ್ದು ಆಕ್ಟಿನೋಮೈಸಿಸ್ ಎಂಬ ಬ್ಯಾಕ್ಟೀರಿಯಾ. ವರ್ಷಗಟ್ಟಲೆ ವಂಕಿ ಇರುವವರ ಪ್ಯಾಪ್ ವರದಿಯಲ್ಲಿ ಈ ಹೆಸರು ಆಗಾಗ ಬರುತ್ತದೆ. ತೊಂದರೆ ಏನೂ ಇಲ್ಲದಿದ್ದರೆ ವಂಕಿ ತೆಗೆಯಬೇಕಿಲ್ಲ, ಔಷಧವೂ ಬೇಡ. ಆದರೆ ತೀರಾ ಅಪರೂಪಕ್ಕೆ ಇದೇ ಬ್ಯಾಕ್ಟೀರಿಯಾ ಅಂಡಾಶಯ, ಕರುಳು, ಮೂತ್ರನಾಳಗಳನ್ನೆಲ್ಲ ಸೇರಿಸಿ ಕಲ್ಲಿನಂಥ ಗಡ್ಡೆ ಮಾಡುತ್ತದೆ. ತೂಕ ಇಳಿಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಸ್ಕ್ಯಾನಿಂಗಿನಲ್ಲಿ ಥೇಟ್ ಕ್ಯಾನ್ಸರ್. ಕ್ಯಾನ್ಸರ್ ಎಂದೇ ದೊಡ್ಡ ಆಪರೇಷನ್ ಆಗಿ, ಬಯಾಪ್ಸಿಯಲ್ಲಿ ನಿಜ ಹೊರಬಿದ್ದ ಉದಾಹರಣೆಗಳಿವೆ. ಪೆನಿಸಿಲಿನ್‌ಗೆ ಇದು ಚೆನ್ನಾಗಿ ಬಗ್ಗುತ್ತದೆ: ಕೆಲವು ವಾರ ರಕ್ತನಾಳಕ್ಕೆ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಅಂಥ ಗಡ್ಡೆ ಇರುವವರಲ್ಲಿ ವಂಕಿ ಇದೆಯೇ ಎಂದು ಕೇಳುವ ಒಂದು ಪ್ರಶ್ನೆ ಒಂದು ಗರ್ಭಕೋಶ ಉಳಿಸಬಲ್ಲದು.

ತೆಗೆಯುವಾಗ ತೋಳು ಮುರಿಯುವುದೂ ಉಂಟು. ಗೋಡೆಯಲ್ಲಿ ಹೂತ ಟಿಯನ್ನು ಬಲವಂತವಾಗಿ ಎಳೆದಾಗ, ಅಥವಾ ಅವಧಿ ಮೀರಿ ಪ್ಲಾಸ್ಟಿಕ್ ಪೆಡಸಾದಾಗ. ತೆಗೆದ ಟಿಯನ್ನು ಹಾಗೇ ಕಸದ ಬುಟ್ಟಿಗೆ ಹಾಕಬೇಡಿ. ಗಾಜ್ ಬಟ್ಟೆಯ ಮೇಲೆ ಇಟ್ಟು ಎಣಿಸಿ: ಎರಡು ತೋಳು, ತೋಳಿಗೊಂದು ತಾಮ್ರದ ಪಟ್ಟಿ, ಕಾಂಡದ ತಂತಿ, ಬುಡದ ಗುಂಡು. ಆಕೆಗೂ ತೋರಿಸಿ. ಒಂದು ತೋಳು ಕಡಿಮೆಯಿದ್ದರೆ ಎಕ್ಸ್‌ರೇ, ಒಳಗೇ ಇದ್ದರೆ ಹಿಸ್ಟರೋಸ್ಕೋಪಿಯಲ್ಲಿ (ಗರ್ಭಕೋಶದೊಳಗೆ ದರ್ಶಕ ಹಾಕಿ) ತೆಗೆಯಬಹುದು.

ಕೊನೆಯ ಗುಂಪು, ಮರೆತುಬಿಟ್ಟವರದ್ದು. 1965ರಲ್ಲಿ ನಮ್ಮ ಕುಟುಂಬ ಯೋಜನೆಯಲ್ಲಿ ಲಿಪ್ಪೀಸ್ ಲೂಪ್ ಎಂಬ ವಂಕಿ ಬಂತು, ಆಮೇಲೆ ಬಗೆಬಗೆಯ ಕಾಪರ್‌ಟಿಗಳು ಬಂದವು. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದ ಅಜ್ಜಿಯ ಸೊಂಟದಲ್ಲಿ ಹಾವಿನಂತೆ ಸುತ್ತಿದ ಲೂಪ್ ಕಾಣಿಸಿದರೆ ಅದು ಆ ಕಾಲದ್ದು. ಈಗಿನವರಿಗೆ ಲೆಕ್ಕ ಸರಳ: 50 ದಾಟಿದವರಲ್ಲಿ ಮುಟ್ಟು ನಿಂತು ಒಂದು ವರ್ಷಕ್ಕೆ ತೆಗೆಸಬೇಕು. ತಡವಾದಷ್ಟೂ ಗರ್ಭಕಂಠ ಕಿರಿದಾಗುತ್ತದೆ, ದಾರ ಕಿತ್ತು ಕೈಗೆ ಬರುತ್ತದೆ. ಅಂಥವರಲ್ಲಿ ಮೊದಲ ಯತ್ನದಲ್ಲಿ ಬರದಿದ್ದರೆ ಜಗ್ಗಾಡದೆ, ಕೆಲವು ವಾರ ಯೋನಿಗೆ ಈಸ್ಟ್ರೋಜನ್ ಕ್ರೀಮ್ ಹಚ್ಚಲು ಕೊಟ್ಟು ಮತ್ತೆ ಕರೆಯಿರಿ. ಆಗಲೂ ಬರದಿದ್ದರೆ ಅರಿವಳಿಕೆ ಕೊಟ್ಟು ಹಿಸ್ಟರೋಸ್ಕೋಪಿ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡು ಬಂದವರಾದರೆ ವಂಕಿಯೇ ಕಾರಣ ಎಂದು ಕೈತೊಳೆದುಕೊಳ್ಳದೆ, ಅದೇ ಕೈಯಲ್ಲಿ ಗರ್ಭಕೋಶದ ಒಳಪದರದ ಬಯಾಪ್ಸಿಯನ್ನೂ ಕಳಿಸಿ.